ಲಾಗಮೀಮಾಂಸೆ: ಪ್ರಾಕ್ಸಿ ಸರ್ವರ್‌ನ ಹೊಟ್ಟೆಯುಬ್ಬರವನ್ನು ಕುರಿತು

ಪೀಠಿಕೆ

'ಲಾಗ್' ಶಬ್ದದ ನಿಷ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಎರಡು ಪಂಗಡಗಳಿವೆ. ಅದು ಇಂಗ್ಲಿಷಿನದು ಎಂಬುದು ಮೊದಲ ಪಂಗಡದ ನೀರಸ ವಾದ. ಎರಡನೆಯ ಪಂಗಡ, ಅಂದರೆ ನಾನೊಬ್ಬನೇ, ಅದು ಹುಡುಗರು ಹೊಳೆಮರಳಿನಲ್ಲಿ ಹಾಕುವ 'ಲಾಗ' ಎನ್ನುತ್ತದೆ. ಪ್ರಮಾಣ ಬೇಕೆ? ಲಾಗ್ ರೊಟೇಶನ್ ಕೈಕೊಟ್ಟ ರಾತ್ರಿ ಸಿಸ್ಟಂ ಅಡ್ಮಿನ್ ಎಷ್ಟು ಲಾಗ ಹಾಕಿದರೂ ಸಾಲದು.

ನಾಯಕ ಲಕ್ಷಣ

ಈ ಗ್ರಂಥದ ನಾಯಕ ಸ್ಕ್ವಿಡ್ ಎಂಬ ಪ್ರಾಕ್ಸಿ. ಮಂಗಳೂರಿನವರ ಬಾಯಲ್ಲಿ ಬೊಂಡಾಸ್. ಕಡಲಿನ ಬೊಂಡಾಸ್ ಪ್ರಾಣಭಯವಾದಾಗ ಶಾಯಿ ಕಾರುತ್ತದೆ. ಸರ್ವರ್‌ನದು ಯಾರು ಯಾವ ಪುಟ ಕೇಳಿದರೂ ಒಂದು ಸಾಲು ಕಾರುತ್ತದೆ. ಅದಕ್ಕೆ ಕೈಗಳು ಹತ್ತು; ಇದು ಬೇರೇನೂ ಹೇಳದಿದ್ದರೆ ಇಟ್ಟುಕೊಳ್ಳುವ ಹಳೆಯ ಲಾಗ್‌ಗಳೂ ಹತ್ತು, ಸೊನ್ನೆಯಿಂದ ಒಂಬತ್ತರವರೆಗೆ. ಇದನ್ನು ಕಾಕತಾಳೀಯ ಎನ್ನುವವರು ಪಂಡಿತರೇ ಅಲ್ಲ. ಇದರ ಕಾಲಗಣನೆ ಶಾಲಿವಾಹನ ಶಕೆಯದಲ್ಲ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳದು. ಹಾಗಾಗಿ ಮುಹೂರ್ತ ತಿಳಿಯಲು ಪಂಚಾಂಗ ಸಾಲದು, ಕ್ಯಾಲ್ಕುಲೇಟರ್ ಬೇಕು.

ದೃಷ್ಟಾಂತ

ಹೆಸರು ಬೇಡ, ಒಂದು ಕಚೇರಿ. ಶನಿವಾರ ರಾತ್ರಿ. 'ಡಿಎಫ್' ಕೇಳಿದರೆ ಡಿಸ್ಕ್ ಶೇಕಡಾ 98 ಭರ್ತಿ. 'ಡಿಯು' ಕೇಳಿದರೆ ಅರ್ಧವೂ ಇಲ್ಲ. ಆಕ್ಸೆಸ್ ಲಾಗ್ ನೋಡಿದರೆ ಸೊನ್ನೆ ಬೈಟು. ಎಲೆ ಖಾಲಿ, ಪಾತ್ರೆ ಖಾಲಿ, ಉಂಡವರು ಮಾತ್ರ ಕಾಣರು! ಕೊನೆಗೆ 'ಎಲ್‌ಎಸ್‌ಒಎಫ್' ಪ್ರಶ್ನೆ ಹಾಕಿದಾಗ ಪ್ರೇತ ಮಾತಾಡಿತು: ಸ್ಕ್ವಿಡ್‌ನ ಲಾಗ್ ಬರೆಯುವ ಕೈ ಒಂದು ಕಡತವನ್ನು ಬಿಗಿಯಾಗಿ ಹಿಡಿದಿದೆ, ಆ ಸಾಲಿನ ತುದಿಯಲ್ಲಿ, ಆವರಣದೊಳಗೆ, 'ಡಿಲೀಟೆಡ್'.

ಕಾರಣ ನಾಮರೂಪ ಭೇದ. ಲಾಗ್‌ರೊಟೇಟ್ ಕಡತದ ಹೆಸರು ಬದಲಿಸಿತು, ಕುಗ್ಗಿಸಿ ಪ್ರತಿ ಮಾಡಿತು, ಮೂಲವನ್ನು ಅಳಿಸಿತು. ಆದರೆ ಸ್ಕ್ವಿಡ್ ಹಿಡಿದದ್ದು ಹೆಸರನ್ನಲ್ಲ, ಐನೋಡನ್ನು. ರಸ್ತೆಗೆ ಹೊಸ ಫಲಕ ಹಾಕಿದರೂ ಆಟೋದವನು ಹಳೆಯ ಅರಳಿಕಟ್ಟೆಗೇ ಒಯ್ಯುವಂತೆ, ಅದು ಸತ್ತ ಕಡತಕ್ಕೇ ಬರೆಯುತ್ತಿತ್ತು.

ಪೂರ್ವಪಕ್ಷ

ಅಳಿಸಿಬಿಡಿ ಎಂಬುದು ಆತುರವಾದಿಗಳ ಮತ. ಅಳಿಯುವುದು ಹೆಸರಷ್ಟೇ, ಹಿಡಿದ ಕೈ ಬಿಡುವವರೆಗೆ ಜಾಗ ಬಿಡುಗಡೆಯಾಗದು. ನಕಲು ತೆಗೆದು ಮೂಲವನ್ನು ಬರಿದು ಮಾಡಿ ಎಂಬುದು 'ಕಾಪಿಟ್ರಂಕೇಟ್' ಮತ. ನಕಲಿಗೂ ಬರಿದಿಗೂ ನಡುವೆ ಬಿದ್ದ ಸಾಲುಗಳು ಗಂಗೆಪಾಲು. ರೀಸ್ಟಾರ್ಟ್ ಮಾಡಿ ಎಂಬುದು ಸರ್ವರೋಗಹರ ಮತ. ಗುಣವೇನೋ ಆಗುತ್ತದೆ, ಆದರೆ ಸ್ಕ್ವಿಡ್ ನಡೆಯುತ್ತಿರುವ ಸಂಪರ್ಕಗಳು ಮುಗಿಯಲೆಂದು ಸಾಮಾನ್ಯವಾಗಿ 30 ಸೆಕೆಂಡುಗಳವರೆಗೆ ಕಾದೇ ಕಣ್ಣು ಮುಚ್ಚುತ್ತದೆ. ಅಷ್ಟರಲ್ಲಿ ಮ್ಯಾನೇಜರರ ಮೂರು ಫೋನು.

ಸಿದ್ಧಾಂತ

ಒಂದೇ ಗುಡಿಗೆ ಇಬ್ಬರು ಪೂಜಾರಿಗಳು ಬೇಡ. ಲಾಗ್‌ರೊಟೇಟ್ ಒಂದರಿಂದ ಎಣಿಸುತ್ತದೆ, ಸ್ಕ್ವಿಡ್ ಸೊನ್ನೆಯಿಂದ. ಇಬ್ಬರೂ ತಿರುಗಿಸಿದರೆ ನಿನ್ನೆಯ ಲಾಗ್ ಯಾವುದೆಂದು ಬ್ರಹ್ಮನೂ ಹೇಳಲಾರ. ತಿರುಗಿಸುವ ಕೆಲಸ ಲಾಗ್‌ರೊಟೇಟ್‌ಗೆ ಬಿಟ್ಟರೆ, ಸ್ಕ್ವಿಡ್‌ನ ಸಂರಚನೆಯಲ್ಲಿ 'ಲಾಗ್‌ಫೈಲ್ ರೊಟೇಟ್' ಎದುರು 0 ಬರೆಯತಕ್ಕದ್ದು. ಆಮೇಲೆ 'ಪೋಸ್ಟ್‌ರೊಟೇಟ್' ಭಾಗದಲ್ಲಿ 'ಸ್ಕ್ವಿಡ್ -ಕೆ ರೊಟೇಟ್' ಎಂಬ ಮಂತ್ರ. ಅದು ಕಳಿಸುವ 'ಸಿಗ್‌ಯುಎಸ್‌ಆರ್1' ಕಿವಿಗೆ ಬಿದ್ದೊಡನೆ ಸ್ಕ್ವಿಡ್ ಹಳೆಯ ಕಡತದ ಕೈಬಿಟ್ಟು ಹೊಸದನ್ನು ತೆರೆಯುತ್ತದೆ. ಹೆಸರು ಬದಲಿಸಿದವರು ಮನೆಯವರಿಗೆ ಒಂದು ಮಾತು ಹೇಳಬೇಕು, ಅಷ್ಟೇ.

ಉಪಸಂಹಾರ

ಆ ರಾತ್ರಿ ಮಂತ್ರವನ್ನು ಕೈಯಾರೆ ಜಪಿಸಿದೆವು. ಕ್ಷಣದಲ್ಲಿ ಡಿಸ್ಕ್ ಹಗುರಾಯಿತು. ಆಮೇಲೆ ನೋಡಿದರೆ ಪೋಸ್ಟ್‌ರೊಟೇಟ್‌ನಲ್ಲಿ ಮಂತ್ರ ಇದ್ದೇ ಇತ್ತು. ಅದರ ಮುಂದೆ ಯಾರೋ ಒಂದು ಹ್ಯಾಶ್ ಗುರುತಿಟ್ಟು ಬಾಯಿ ಕಟ್ಟಿದ್ದರು. ಆ ಗುರುತನ್ನಿಟ್ಟವನು ಈ ಪ್ರಬಂಧಕಾರನೇ ಎಂಬ ಪಾಠಾಂತರ ಕಚೇರಿಯಲ್ಲಿ ಪ್ರಚಲಿತವಿದೆ. ಅದು ಪ್ರಕ್ಷಿಪ್ತವೆಂದು ಸಾಧಿಸಲು ಹೊರಟಿದ್ದೆ. ಕಡತದ ತಾರೀಖು, ನನ್ನ ಹಾಜರಿ ಪುಸ್ತಕ ಎರಡೂ ಒಂದೇ ದಿನ ತೋರಿಸಿದ್ದರಿಂದ ಗ್ರಂಥವನ್ನು ಇಲ್ಲಿಗೇ ಮುಗಿಸಿದ್ದೇನೆ.