ಬಿಚ್ಚಿದವರೇ ಸುತ್ತಬೇಕು

ಬಯಲಲ್ಲಿ ನಾಲ್ಕು ದಿನ ಇದ್ದು ಬರೋಣ ಎನ್ನಿಸಿದರೆ ಅಮೆರಿಕದವರು ಮನೆಯನ್ನೇ ಚಕ್ರದ ಮೇಲೆ ಕೂರಿಸಿಕೊಂಡು ಹೊರಡುತ್ತಾರೆ. ಬಯಲು ತಲುಪಿದ ಮೇಲೆ ಒಳಗೆ ಕೂರಲು ಬೇಸರ, ಹೊರಗೆ ಕೂರಲು ಬಿಸಿಲು. ಆಗ ಗಾಡಿಯ ಬಲಮಗ್ಗುಲಿನಿಂದ ಒಂದು ಬಟ್ಟೆಯ ಮಾಡು ಹೊರಚಾಚುತ್ತದೆ. ಅದೇ ಆನಿಂಗ್. ಬಲಮಗ್ಗುಲೇ ಏಕೆಂದರೆ ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ, ಬಾಗಿಲು ರಸ್ತೆಯಂಚಿನ ಕಡೆಗಿರುತ್ತದೆ. ಅಡುಗೆಮನೆ, ಮಂಚ, ಪಾಯಿಖಾನೆ, ಏಸಿ ಎಲ್ಲವನ್ನೂ ಹೊತ್ತು ತಿರುಗುವ, ಆರ್‌ವಿ ಎಂಬ ಈ ಗಾಡಿಯಲ್ಲಿ ಕಾವಲು ಕೇಳುವ ಸಾಮಾನು ಇದೊಂದೇ.

ಅರಿಜೋನಾದ ಫೀನಿಕ್ಸ್‌ನಲ್ಲಿರುವ ನನ್ನ ಮಗಳು, ಅಳಿಯ ಸೆಕೆಂಡ್ ಹ್ಯಾಂಡ್ ಟ್ರೇಲರ್ ಒಂದನ್ನು ಕೊಂಡಿದ್ದಾರೆ. ಜುಲೈಯಲ್ಲಿ ಫೀನಿಕ್ಸ್‌ನ ಸೆಕೆ 45 ಡಿಗ್ರಿ ಮುಟ್ಟಿದಾಗ ಕಾಲು ಇದ್ದವರೆಲ್ಲ ಉತ್ತರಕ್ಕೆ, ಸುಮಾರು 7,000 ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫ್‌ನ ಪೈನ್ ಕಾಡಿಗೆ ಓಡುತ್ತಾರೆ. ನಾವೂ ಓಡಿದೆವು. ಹೊರಡುವಾಗ ಅಳಿಯಂದಿರು, "ಮಾವ, ಈಗ ಇಲ್ಲಿ ಮಾನ್ಸೂನ್" ಅಂದರು. ಹಿಂದಿನ ಸೀಟಿನಲ್ಲಿದ್ದ ನಮ್ಮ ಮನೆಯವಳಿಗೆ ನಗು ತಡೆಯಲಾಗಲಿಲ್ಲ. ನಾವು ಸಾಗರದವರು. ಫೀನಿಕ್ಸ್‌ಗೆ ವರ್ಷವಿಡೀ ಬೀಳುವ 7 ಇಂಚು ಮಳೆ ಆಗುಂಬೆಯಲ್ಲಿ ಒಂದೇ ದಿನ ಸುರಿದು ಹೋಗುವುದುಂಟು. ಆದರೂ ಅಲ್ಲಿನ ಹವಾಮಾನ ಇಲಾಖೆ 2008ರಿಂದ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಮಾನ್ಸೂನಿಗೆ ತಾರೀಖು ಗೊತ್ತುಮಾಡಿದೆ. ಆರಿದ್ರೆ, ಪುನರ್ವಸು, ಪುಷ್ಯ ಎಂದು ಲೆಕ್ಕ ಹಾಕುವ ನಮಗೆ ಇದು ಸರ್ಕಾರಿ ರಜೆಯ ಆದೇಶ ಓದಿದಷ್ಟೇ ಗಂಭೀರವಾಗಿ ಕಂಡಿತು.

ಮಳೆಯ ವಿಷಯದಲ್ಲಿ ನಗಬಹುದು. ಗಾಳಿಯ ವಿಷಯದಲ್ಲಿ ನಗುವಂತಿಲ್ಲ. ಆ ಸೀಮೆಯಲ್ಲಿ ಮೋಡ ದೂರದ ಬೆಟ್ಟದ ಮೇಲೆ ಸುರಿಸುವ ಮಳೆ ಒಣಗಾಳಿಯಲ್ಲಿ ಅರ್ಧ ದಾರಿಗೇ ಆವಿಯಾಗುತ್ತದೆ. ಆವಿಯಾಗುವಾಗ ಸುತ್ತಲ ಗಾಳಿಯನ್ನು ತಣ್ಣಗಾಗಿಸುತ್ತದೆ. ತಣ್ಣಗಾದದ್ದು ಭಾರವಾಗಿ ಕೆಳಕ್ಕೆ ಬಿದ್ದು, ನೆಲಕ್ಕೆ ಬಡಿದು, ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. 2011ರ ಜುಲೈ 5ರಂದು ಫೀನಿಕ್ಸ್ ನಗರವನ್ನೇ ನುಂಗಿದ ಧೂಳಿನ ಗೋಡೆ ಎದ್ದದ್ದು ಇಂಥ ಗಾಳಿಯಿಂದಲೇ. ಅಂದರೆ ನಿಮ್ಮ ನೆತ್ತಿಯ ಮೇಲೆ ನೀಲಿ ಆಕಾಶವಿರುತ್ತದೆ, ಕೈಯಲ್ಲಿ ಕಾಫಿ ಲೋಟವಿರುತ್ತದೆ, ಎಷ್ಟೋ ಮೈಲಿ ಆಚೆಯ ಮಳೆ ತನ್ನ ಗಾಳಿಯನ್ನು ಮಾತ್ರ ಮುಂಚಿತವಾಗಿ ಕಳಿಸಿರುತ್ತದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನಾದ್ದರಿಂದ ಲೆಕ್ಕ ಹಾಕದೆ ನನಗೆ ನಿದ್ದೆ ಬರುವುದಿಲ್ಲ. ಅಳಿಯಂದಿರ ಆನಿಂಗ್ 16 ಅಡಿ ಉದ್ದ, 8 ಅಡಿ ಚಾಚು. ಗಂಟೆಗೆ 20 ಮೈಲಿಯ ಗಾಳಿ ಅದಕ್ಕೆ ನೇರ ತಗುಲಿದರೆ ಬೀಳುವ ಬಲ ಸುಮಾರು 60 ಕಿಲೊ. 40 ಮೈಲಿಯಾದರೆ 120 ಅಲ್ಲ, 240. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು ಎಂದು ಬೋರ್ಡಿನ ಮೇಲೆ ಎಷ್ಟು ಬರೆದರೂ ನಂಬದ ಹುಡುಗರನ್ನು ಅಲ್ಲಿಗೆ ಕರೆದೊಯ್ಯಬೇಕಿತ್ತು. ಆ ಬಲವನ್ನೆಲ್ಲ ತಡೆಯಬೇಕಾದದ್ದು ಎರಡು ತೆಳ್ಳನೆಯ ಅಲ್ಯೂಮಿನಿಯಂ ತೋಳು. ಅವನ್ನು ಗಾಡಿಯ ಗೋಡೆಗೆ ಹಿಡಿದಿಟ್ಟಿರುವುದು ಕೆಲವು ತಿರುಪು. ಗಾಳಿ ಅಡಿಯಿಂದ ನುಗ್ಗಿತೆಂದರೆ ಬಟ್ಟೆ, ಉರುಳೆ, ತೋಳು ಒಟ್ಟಿಗೆ ಎದ್ದು ಚಾವಣಿಯ ಮೇಲೆ ಮಗುಚಿಕೊಳ್ಳುತ್ತವೆ. ಅಲ್ಲಿ ಏಸಿ, ಸೋಲಾರ್ ಫಲಕಗಳ ಮೇಲೂ ಒಂದೊಂದು ಏಟು ಬೀಳುತ್ತದೆ.

"ಇದಕ್ಕೆ ಸೆನ್ಸರ್ ಇದೆ ಮಾವ. ಗಾಳಿ ಬಂದು ಅಲುಗಾಡಿದರೆ ತಾನಾಗಿ ಸುತ್ತಿಕೊಳ್ಳುತ್ತೆ."

"ಸರಿ, ಈಗ ಅಲುಗಾಡ್ತಾ ಇದೆಯಲ್ಲ?"

"ಅದನ್ನ ಆಫ್ ಮಾಡಿಟ್ಟಿದೀನಿ. ಸಣ್ಣ ಗಾಳಿಗೂ ಸುತ್ತಿಕೊಂಡು ಊಟದ ಮಧ್ಯೆ ಬಿಸಿಲಿಗೆ ತಳ್ಳುತ್ತಿತ್ತು."

ಬಹುಪಾಲು ಸೆನ್ಸರ್‌ಗಳ ಕತೆ ಇದೇ ಇರಬೇಕು.

ಮರುದಿನ ಮಧ್ಯಾಹ್ನ ನಮ್ಮ ಮನೆಯವಳು ಬಾಳಕ ಕರಿಯುತ್ತಿದ್ದವಳು ಕಿಟಕಿಯಿಂದ ಇಣುಕಿ, "ರೀ, ಗಾಳಿ ತಣ್ಣಗಾಯ್ತಲ್ಲ, ಸುತ್ತಿಬಿಡಿ" ಅಂದಳು. ಅಳಿಯಂದಿರು ಮೊಬೈಲ್ ನೋಡಿದರು. ಮಳೆಯ ಸಾಧ್ಯತೆ ಶೇಕಡಾ ಹತ್ತು. ಅವರು ಇನ್ನೂ ಅದನ್ನು ಓದಿ ಹೇಳುತ್ತಿರುವಾಗಲೇ ಇವಳು ಜಾಲರಿ ಸೌಟು ಹಿಡಿದುಕೊಂಡೇ ಬಂದು ಗುಂಡಿ ಒತ್ತಿದಳು. ಮೋಟಾರು ಗುರ್ ಎಂದಿತು. ಬಟ್ಟೆ ಒಳಗೆ ಸೇರಿ ಕಾಫಿ ಬಗ್ಗಿಸುವಷ್ಟರಲ್ಲಿ ಪೈನ್ ಮರಗಳು ಬಾಗಿದವು. ಮರವಿದ್ದ ಕಡೆ ಈ ಒಂದು ಅನುಕೂಲ. ಸಣ್ಣ ಮರಗಳು ತೂಗಾಡತೊಡಗಿದರೆ ಗಾಳಿ ಗಂಟೆಗೆ 20 ಮೈಲಿ ಆಸುಪಾಸು ಎಂದು ಬ್ಯೂಫೋರ್ಟ್ ಮಾಪನ ಹೇಳುತ್ತದೆ. ಧೂಳು, ಕಾಗದದ ಚೂರು ಏಳುವುದು ಅದಕ್ಕೂ ಮೊದಲಿನ ಮೆಟ್ಟಿಲು, ಸುತ್ತಬೇಕಾದ ಹೊತ್ತು ಅದೇ. ಚಳಿಗಾಲದಲ್ಲಿ ಮರುಭೂಮಿಗೆ ಹೋಗುವವರಿಗೆ ಆ ಭಾಗ್ಯವೂ ಇಲ್ಲ. ಸಗ್ವಾರೊ ಕಳ್ಳಿ ಅಲ್ಲಾಡುವ ಹೊತ್ತಿಗೆ ಆನಿಂಗ್ ಕ್ಯಾಲಿಫೋರ್ನಿಯಾ ತಲುಪಿರುತ್ತದೆ.

ಪಕ್ಕದ ಜಾಗದ ಹಿರಿಯರು ತಮ್ಮದನ್ನು ಬಿಚ್ಚಿಟ್ಟು ಪೇಟೆಗೆ ಹೋಗಿದ್ದರು. ಬೇರೆಯವರ ಗಾಡಿ ಮುಟ್ಟಬಹುದೋ ಬಾರದೋ ಎಂದು ಅಳಿಯಂದಿರು ಶಿಷ್ಟಾಚಾರದ ಚಿಂತೆಯಲ್ಲಿದ್ದಾಗಲೇ ಅದು ಎದ್ದು ಚಾವಣಿಗೆ ಬಡಿಯಿತು. ನಮ್ಮೂರಲ್ಲಾದರೆ ಮೋಡ ಕಂಡ ಕೂಡಲೇ ಯಾರ ಅಂಗಳದ ಅಡಿಕೆಯಾದರೂ ಸರಿ, ಓಡಿಹೋಗಿ ಬಾಚುತ್ತೇವೆ. ಕೇಳುವುದೆಲ್ಲ ಆಮೇಲೆ. ಅಲ್ಲಿ ಒಳ್ಳೆಯ ಕ್ಯಾಂಪಿನವರಿಗೂ ಈ ಪದ್ಧತಿ ಇದೆಯೆಂದು ಆ ಹಿರಿಯರೇ ಹೇಳಿದರು, ನಮ್ಮ ಕಡೆ ಸ್ವಲ್ಪ ಬೇಸರದಿಂದ ನೋಡುತ್ತ.

ಕಟ್ಟಿ ಬಿಗಿದರೆ ನಿಲ್ಲುವುದಿಲ್ಲವೇ ಎಂದು ಮಲೆನಾಡಿನವರು ಕೇಳಬಹುದು. ಹಗ್ಗ, ಗೂಟ, ನೆಲಕ್ಕೆ ತಿರುಗಿಸಿ ಇಳಿಸುವ ಸುರುಳಿ ಮೊಳೆ ಎಲ್ಲ ಸಿಗುತ್ತವೆ. ಬಟ್ಟೆಯ ಅಂಚು ಪಟಪಟಿಸದಂತೆ ತೋಳಿಗೆ ಹಿಡಿದಿಡುವ ಕ್ಲಿಪ್ಪುಗಳೂ ಇವೆ. ಮಂದಗಾಳಿಗೆ ಇವು ಒಳ್ಳೆಯವೇ, ಕೊಳ್ಳಿ. ಬಿರುಗಾಳಿಗೆ ಮಾತ್ರ ಇವನ್ನು ನಂಬಿ ಮಲಗಬಾರದು. ಹಗ್ಗ ಗಟ್ಟಿಯಾಗಿದ್ದಷ್ಟೂ ಹರಿಯುವುದು ಬಟ್ಟೆ, ಕೀಳುವುದು ಗೋಡೆಯ ತಿರುಪು. ಮಳೆಗೊಂದು ಉಪಾಯ ಬೇರೆ ಇದೆ: ಒಂದು ತುದಿಯನ್ನು ಒಂದಡಿಯಷ್ಟು ತಗ್ಗಿಸಿಡಬೇಕು. ಸಮನಾಗಿಟ್ಟರೆ ನಡುವೆ ನೀರು ನಿಂತು ಹೊಟ್ಟೆ ಬರುತ್ತದೆ, ಹೊಟ್ಟೆ ಬಂದಷ್ಟೂ ನೀರು ಸೇರುತ್ತದೆ. ಒಂದು ಚದರ ಮೀಟರಿನಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ 50 ಕಿಲೊ, ಅರ್ಧ ಕ್ವಿಂಟಲ್.

ಮುಂದಿನ ವಾರಾಂತ್ಯ ಹಿರಿಯರು ಹೊಸ ಬಟ್ಟೆ ತರಿಸಿ, ಸಹಾಯಕ್ಕೆ ಕರೆದರು. ಪುಣ್ಯಕ್ಕೆ ತೋಳುಗಳು ಉಳಿದಿದ್ದವು. ಬಟ್ಟೆ ಮಾತ್ರವಾದರೆ ಕೆಲವು ನೂರು ಡಾಲರ್, ತೋಳು ಉರುಳೆ ಸೇರಿದರೆ ಸಾವಿರ ದಾಟುತ್ತದೆ. ಬಿರುಗಾಳಿಯ ಹಾನಿಗೆ ಸಾಮಾನ್ಯವಾಗಿ ವಿಮೆ ಸಿಕ್ಕರೂ, ನಾವೇ ಭರಿಸಬೇಕಾದ ಪಾಲು ಕಳೆದರೆ ಉಳಿಯುವುದು ಪತ್ರವ್ಯವಹಾರ. ಹಿರಿಯರದು ಕೈಯಿಂದ ಎಳೆಯುವ ಹಳೆಯ ಮಾದರಿ. ಅದರ ಉರುಳೆಯೊಳಗೆ ಬಿಗಿದ ಸ್ಪ್ರಿಂಗ್ ಇರುತ್ತದೆ. ಪಿನ್ ಹಾಕಿ ತಡೆಯದೆ ಬಿಚ್ಚಿದರೆ ಗಿರ್ರನೆ ತಿರುಗಿ ಬೆರಳು ಮುರಿಯುತ್ತದೆ. ಸುರಕ್ಷತೆಯ ವಿಷಯದಲ್ಲಿ ನಾನು ಕೊನೆಯವರೆಗೂ ಮೂರು ಗಜ ದೂರದಿಂದಲೇ ಮಾರ್ಗದರ್ಶನ ಮಾಡಿದೆ. ಬಟ್ಟೆಯ ಅಂಚಿನ ಮಡಿಕೆಯಲ್ಲಿ ಒಂದು ದಪ್ಪ ಹುರಿ ಇರುತ್ತದೆ. ಅದನ್ನು ಗಾಡಿಯ ಉದ್ದಕ್ಕಿರುವ ಕೊರಕಲಿನಲ್ಲಿ ಒಂದು ತುದಿಯಿಂದ ಜಾರಿಸುತ್ತ ಹೋಗಬೇಕು. ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಗಂಡಸರೆಲ್ಲ ಜಗ್ಗಿದೆವು. ನಮ್ಮ ಮನೆಯವಳು, "ಲಂಗಕ್ಕೆ ಲಾಡಿ ಪೋಣಿಸೋ ಕೆಲಸ ಇದು, ಜಗ್ಗಿದರೆ ಆಗುತ್ತಾ?" ಎಂದು ಬಟ್ಟೆ ನೆರಿಗೆಗಟ್ಟಿದ ಕಡೆ ಬೆರಳಿಟ್ಟು ಬಿಡಿಸುತ್ತ ಬಿಡಿಸುತ್ತ ತುದಿ ಮುಟ್ಟಿಸಿದಳು. ಕೊರಕಲಿಗೆ ಸಿಲಿಕೋನ್ ಸ್ಪ್ರೇ ಹೊಡೆದಿದ್ದು ನನ್ನ ಸಲಹೆ, ಅದನ್ನು ಯಾರೂ ನೆನೆಸಲಿಲ್ಲ.

ಹರಕು ಸಣ್ಣದಾದರೆ ಇಷ್ಟೆಲ್ಲ ಬೇಡ. ಆನಿಂಗಿಗೆಂದೇ ಪಾರದರ್ಶಕ ಟೇಪು ಸಿಗುತ್ತದೆ. ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ, ಪೂರ್ತಿ ಒಣಗಿಸಿ, ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ ಎರಡೂ ಬದಿಗೆ ಅಂಟಿಸಬೇಕು. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಕಿತ್ತುಬರುತ್ತದೆ. ವಿನೈಲ್ ಬಟ್ಟೆಗೆ ಸೂಜಿ ಹಾಕಬೇಡಿ, ಒಂದೊಂದು ತೂತೂ ಮುಂದಿನ ಹರಕಿಗೆ ದಾರಿ. ಒದ್ದೆಯಾಗಿದ್ದಾಗ ಸುತ್ತಿದ್ದರೆ ಬಿಸಿಲು ಬಂದ ಕೂಡಲೇ ಬಿಚ್ಚಿ ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಇದನ್ನು ಸಾಗರದವರಿಗೆ ಹೇಳಬೇಕಾಗಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಅರಿಜೋನಾದ ಮಕ್ಕಳ ಮನೆಗೆ ಹೋಗುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಅವರ ಟ್ರೇಲರಿನಲ್ಲಿ ರಾತ್ರಿ ಮಲಗುವ ಮುಂಚೆ ಹೊರಗೆ ಬಂದು ಬಲಮಗ್ಗುಲು ನೋಡಿ. ಬಟ್ಟೆ ಬಿಚ್ಚಿದ್ದರೆ ಸುತ್ತಿಸಿ. ಅಳಿಯ "ಏನೂ ಆಗಲ್ಲ ಮಾವ" ಅಂದರೆ ಕೇಳಬೇಡಿ. ಗುಂಡಿ ಬಾಗಿಲ ಒಳಗೆ ಪಕ್ಕದಲ್ಲೇ ಇರುತ್ತದೆ, ನೀವೇ ಒತ್ತಿ.