ಕಣ್ಣಳತೆಯ ಟೀಚರಮ್ಮ

ಮದುವೆಮನೆಯ ಊಟದ ಪಂಕ್ತಿಯಲ್ಲಿ ಅಂಗನವಾಡಿ ಟೀಚರಮ್ಮನ ಪಕ್ಕ ಕೂರಬಾರದು. ಎದುರು ಸಾಲಿನಲ್ಲಿ ಯಾರದೋ ತೊಡೆಯ ಮೇಲಿರುವ ಕೂಸನ್ನು ಒಂದು ಸಲ ನೋಡಿ, ಹೋಳಿಗೆ ಮುರಿಯುತ್ತಲೇ, "ಒಂಬತ್ತು ಕೇಜಿ ಇನ್ನೂರು. ವರ್ಷ ತುಂಬಿರ್ಬೇಕು, ಪರ್ವಾಗಿಲ್ಲ" ಅನ್ನುತ್ತಾರೆ. ಆಮೇಲೆ ಆ ಕಣ್ಣು ನಮ್ಮ ಎಲೆಗೆ ಬರುತ್ತದೆ, ಎಲೆಯಿಂದ ಹೊಟ್ಟೆಗೆ ಇಳಿಯುತ್ತದೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ನಾನು ಮೂರನೇ ಹೋಳಿಗೆ ಬೇಡ ಅಂದದ್ದು ಈ ಜನ್ಮದಲ್ಲಿ ಅದೊಂದೇ ಸಲ.

ನಮ್ಮದು ತಿ. ನರಸೀಪುರ ತಾಲ್ಲೂಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಇಲ್ಲಿಗೇ ಅನ್ನುವ ಜಂಬ ನಮಗಿದೆ. ಜಂಬ ಬಿಟ್ಟರೆ ಅಂಗನವಾಡಿಯ ಕಟ್ಟಡದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಒಳಗಿನ ಇಲಿಗಳು ತಾವೂ ಫಲಾನುಭವಿಗಳೆಂದೇ ತಿಳಿದಿರುವುದರಿಂದ ಮೊಟ್ಟೆಯ ಟ್ರೇಗಳು ಎದುರುಮನೆಯವನಾದ ನನ್ನ ಜಗಲಿ ಕೋಣೆಯಲ್ಲಿರುತ್ತವೆ. ಇಡುವಾಗ ಟೀಚರಮ್ಮ ಎಣಿಸುತ್ತಾರೆ, ತೆಗೆಯುವಾಗಲೂ ಎಣಿಸುತ್ತಾರೆ. ಇಪ್ಪತ್ತೆಂಟು ವರ್ಷದ ನೆರೆಹೊರೆ ಬೇರೆ, ಮೊಟ್ಟೆ ಲೆಕ್ಕ ಬೇರೆ.

ಬೆಳಿಗ್ಗೆ ಒಂಬತ್ತೂವರೆಗೆ ಬೀಗ ತೆಗೆದರೆ ಮಕ್ಕಳು ತಾವಾಗಿ ಬರುತ್ತಾರೆಯೆ? ಆಯಮ್ಮ ಮೇಲಿನ ಬೀದಿಗೆ, ಟೀಚರಮ್ಮ ಕೆಳಗಿನ ಬೀದಿಗೆ ಹೊರಡಬೇಕು. ಕಂಬ ತಬ್ಬಿ ನಿಂತ ಮಗುವನ್ನು ಬಿಡಿಸುವ ಕಲೆ ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಟೀಚರಮ್ಮ ಮಗುವನ್ನು ಎಳೆಯುವುದೇ ಇಲ್ಲ. ಕಂಬವನ್ನೇ ಮಾತಾಡಿಸುತ್ತಾರೆ: "ಬಾರಪ್ಪ ಕಂಬಣ್ಣ, ನೀನಾದ್ರೂ ಬಾ. ಇವ್ನ ಮೊಟ್ಟೆ ನಿಂಗೇ ಕೊಡ್ತೀನಿ." ಮಗು ಕಂಬ ಬಿಟ್ಟು ಓಡುತ್ತದೆ. ಮೊಟ್ಟೆ ಇರುವುದು ವಾರಕ್ಕೆ ಎರಡೇ ದಿನ ಅನ್ನುವುದು ಕಂಬಕ್ಕೂ ಗೊತ್ತಿಲ್ಲ, ಮಗುವಿಗೂ ಗೊತ್ತಿಲ್ಲ.

ಒಳಗೆ ಹೋದರೆ ಆಡಳಿತವೆಲ್ಲ ಕಿರುಬೆರಳಿನ ಮೇಲೆ ನಡೆಯುತ್ತದೆ. ಬೆರಳು ಎದ್ದಿತೆಂದರೆ, ಹಾಡು ಯಾವ ಚರಣದಲ್ಲಿರಲಿ, ಟೀಚರಮ್ಮ ತಲೆಯೆತ್ತದೆ "ಹೋಗ್ಬಾ ಪುಟ್ಟ" ಅನ್ನುತ್ತಾರೆ. ತಡಮಾಡಿದರೆ ಚಾಪೆ ತೊಳೆಯುವ ಕೆಲಸ ಆಯಮ್ಮನದು. ಆಯಮ್ಮನೇ ಹೇಳಿದ ಸಂಗತಿ ಇದು, ನಾನು ಕಂಡದ್ದಲ್ಲ: ತಾಲ್ಲೂಕಿನ ಮೀಟಿಂಗಿನಲ್ಲಿ ದೊಡ್ಡ ಸಾಹೇಬರೊಬ್ಬರು ಬೆರಳೆತ್ತಿ "ಇನ್ನೊಂದು ವಿಷಯ..." ಎಂದರಂತೆ. ರಿಜಿಸ್ಟರಿನಲ್ಲಿ ಮುಳುಗಿದ್ದ ಟೀಚರಮ್ಮ ಅಭ್ಯಾಸಬಲದಿಂದ "ಹೋಗ್ಬಾ ಪುಟ್ಟ" ಎಂದುಬಿಟ್ಟರಂತೆ. ಸಾಹೇಬರು ಒಂದು ಗಳಿಗೆ ಸುಮ್ಮನಿದ್ದು, ಎದ್ದು, ಹೋಗಿಯೇ ಬಂದರಂತೆ.

ಈ ರಿಜಿಸ್ಟರುಗಳದ್ದೇ ಒಂದು ಸಂಸಾರ. ಒಟ್ಟು 11. ಮನೆಗಣತಿಗೊಂದು, ಆಹಾರಕ್ಕೊಂದು, ಲಸಿಕೆಗೊಂದು, ತೂಕಕ್ಕೊಂದು. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಾಗ ಇನ್ನು ಪುಸ್ತಕದ ಕಾಟ ತಪ್ಪಿತು ಎಂದು ಟೀಚರಮ್ಮ ಖುಷಿಪಟ್ಟರು. ಫೋನು ಬಂತು, ಪುಸ್ತಕ ಹೋಗಲಿಲ್ಲ. ಈಗ ಪುಸ್ತಕದಲ್ಲಿ ಬರೆದದ್ದನ್ನು ಫೋನಿಗೆ ಹಾಕಬೇಕು, ಫೋನಿಗೆ ಹಾಕಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ನೆಟ್‌ವರ್ಕು ನನ್ನ ಜಗಲಿಯ ಮೂಲೆಯಲ್ಲಿ, ಅದೂ ಎಡಗೈ ಮೇಲೆತ್ತಿದರೆ ಮಾತ್ರ ಸಿಗುವುದರಿಂದ, ದಿನಕ್ಕೊಮ್ಮೆ ಟೀಚರಮ್ಮ ನಮ್ಮ ಮನೆಗೆ ಆಶೀರ್ವಾದ ಮಾಡುವ ಭಂಗಿಯಲ್ಲಿ ನಿಂತಿರುತ್ತಾರೆ.

ಆಮೇಲೆ ಮುಖ ತೋರಿಸುವ ಪದ್ಧತಿ ಬಂತು. ಮನೆಗೊಯ್ಯುವ ಪುಷ್ಟಿಯ ಪೊಟ್ಟಣ ಬೇಕಾದರೆ ತಾಯಿಯ ಮುಖ ಆಧಾರ್ ಮುಖಕ್ಕೆ ಹೊಂದಬೇಕು. ಹೋದ ತಿಂಗಳು ಒಬ್ಬ ಬಾಣಂತಿ ಬಂದು ನಮ್ಮ ಜಗಲಿಯಲ್ಲೇ ನಿಂತಳು. ಕೂಸು ಹುಟ್ಟಿದ ಸಂತೋಷದ ಮುಖ. ಫೋನು ಒಪ್ಪಲಿಲ್ಲ. ಸೆರಗು ತೆಗೆಸಿದರು, ಬೆಳಕಿಗೆ ತಿರುಗಿಸಿದರು, ಕಣ್ಣು ಮಿಟುಕಿಸಲು ಹೇಳಿದರು. ಊಹೂಂ. ಕೊನೆಗೆ ಟೀಚರಮ್ಮ ಆಧಾರ್ ಕಾರ್ಡನ್ನು ದೂರ ಹಿಡಿದು ನೋಡಿ, "ಇದ್ರಲ್ಲಿ ಸಿಟ್ಟಾಗಿದ್ದೀಯಲ್ಲವ್ವ. ನಿಮ್ಮತ್ತೆ ನೆನೆಸ್ಕೊ" ಎಂದರು. ಬಾಣಂತಿಯ ಹುಬ್ಬು ಗಂಟಿಕ್ಕಿತು. ಫೋನು ಟಿಂಗ್ ಎಂದಿತು. ಕೂಸನ್ನೆತ್ತಿಕೊಂಡು ಪಕ್ಕದಲ್ಲೇ ನಿಂತಿದ್ದ ಅತ್ತೆ ಇವತ್ತಿನವರೆಗೂ ಟೀಚರಮ್ಮನ ಜೊತೆ ಮಾತು ಬಿಟ್ಟಿದ್ದಾರೆ.

ತಿಂಗಳ ತೂಕದ ದಿನ ಮಾತ್ರ ನಾನು ಎಲ್ಲಿಗೂ ಹೋಗುವುದಿಲ್ಲ, ಕುರ್ಚಿ ಹಾಕಿಕೊಂಡು ಕೂತುಬಿಡುತ್ತೇನೆ. ತೊಲೆಗೆ ಗಡಿಯಾರದಂಥ ತಕ್ಕಡಿ, ಅದಕ್ಕೆ ಚಡ್ಡಿಯಂಥ ಚೀಲ, ಚೀಲದಲ್ಲಿ ಕಾಲಾಡಿಸುವ ಮಗು. ಅಜ್ಜಿಯರಿಗೆ ಇದು ಆಗದು. ಬೆಳೆಯುವ ಕೂಸನ್ನು ತೂಗಿದರೆ ದೃಷ್ಟಿ ತಾಕುತ್ತದೆ. ಇದಕ್ಕೆ ಟೀಚರಮ್ಮ ಕಂಡುಕೊಂಡ ಉಪಾಯ ಯಾವ ಸುತ್ತೋಲೆಯಲ್ಲೂ ಇಲ್ಲ. ಗುಂಡುಗುಂಡಾದ ಮಗುವನ್ನು ತೂಗಿ, "ಅಯ್ಯೋ ಶಿವನೆ, ಏನೂ ಇಲ್ಲ ಕಣಜ್ಜಿ! ಕಡ್ಡಿ ಆಗವ್ನೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಕೈ ಮಾತ್ರ ಚಾರ್ಟಿನ ಹಸಿರು ಪಟ್ಟಿಯಲ್ಲಿ ಚುಕ್ಕೆ ಇಡುತ್ತಿರುತ್ತದೆ. ಅಜ್ಜಿ ಸಮಾಧಾನದಿಂದ ಮೊಮ್ಮಗನನ್ನು ಹೊತ್ತು ಹೋಗುತ್ತಾಳೆ. ಕೂಗಿನ ಜೋರು ನೋಡಿಯೇ ಯಾವ ಮಗು ಎಷ್ಟು ದಪ್ಪಗಿದೆ ಎಂದು ನಾನು ಹೇಳಬಲ್ಲೆ.

ಒಂದೊಂದು ಸಲ ಕೂಗು ಬರುವುದಿಲ್ಲ. ಮುಳ್ಳು ನಿಂತ ಜಾಗ ನೋಡಿ ಟೀಚರಮ್ಮ ಚೀಲದಿಂದ ಮಗುವನ್ನು ತೆಗೆದು, ಚಡ್ಡಿಯ ಗುಂಡಿ ಹಾಕಿ, ತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡಿ, ಸುಮ್ಮನೆ ಬರೆದುಕೊಳ್ಳುತ್ತಾರೆ. ಆವತ್ತು ಸಂಜೆ ಆ ಮನೆಯ ಕಡೆ ಅವರ ಚಪ್ಪಲಿ ಸದ್ದು ಹೋಗುತ್ತದೆ. ಅಲ್ಲಿ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ. ಮಾರನೇ ದಿನದಿಂದ ಆ ಮಗುವಿನ ತಟ್ಟೆಯನ್ನು ಅವರೇ ಬಡಿಸುತ್ತಾರೆ, ಆಯಮ್ಮನಿಗೆ ಬಿಡುವುದಿಲ್ಲ.

ಟೀಚರಮ್ಮನಿಗೆ ಒಬ್ಬ ಶತ್ರುವಿದ್ದಾನೆ. ಹಳದಿ ವ್ಯಾನು. ಪೇಟೆಯ ಕಾನ್ವೆಂಟಿನಿಂದ ಎಂಟೂಕಾಲಕ್ಕೆ ಬಂದು ಎಲ್‌ಕೆಜಿ ಮಕ್ಕಳನ್ನು ಟೈ ಸಮೇತ ತುಂಬಿಕೊಂಡು ಹೋಗುತ್ತದೆ. "ಮೂರ್ ವರ್ಷದ್ ಕೂಸ್ಗೆ ಹೋಮ್‌ವರ್ಕಂತೆ" ಎಂದು ಟೀಚರಮ್ಮ ವ್ಯಾನಿನ ಹೊಗೆಯನ್ನು ಶಪಿಸುತ್ತಾರೆ. ಶಪಿಸುವುದು ವ್ಯಾನು ತಿರುವು ದಾಟಿದ ಮೇಲೆ, ಏಕೆಂದರೆ ಅಲ್ಲಿಯವರೆಗೆ ಕಿಟಕಿಯಲ್ಲಿ ಕೂತ ಮೊಮ್ಮಗಳಿಗೆ ಟಾಟಾ ಮಾಡುವುದಿರುತ್ತದೆ. ಸೊಸೆಯ ಹಟ ಅದು. ಊರಿನ ಸೊಸೆಯರನ್ನೆಲ್ಲ ಒಪ್ಪಿಸಿದವರು ಮನೆಯ ಸೊಸೆಯ ಮುಂದೆ ಸೋತರೆ ನಾನಂತೂ ನಗುವವನಲ್ಲ.

ಪೋಲಿಯೊ ಹನಿ, ಮತದಾರರ ಪಟ್ಟಿ, ಸ್ತ್ರೀಶಕ್ತಿ ಸಂಘದ ಜಗಳ, ಎಲ್ಲಕ್ಕೂ ಇವರೇ ಬೇಕು. ಇಷ್ಟಕ್ಕೆಲ್ಲ ಸಿಗುವುದು ಸಂಬಳವಲ್ಲ, ಗೌರವಧನ. ಮಾತಿನ ಮೊದಲರ್ಧ ಊರಿನವರು ಕೊಡುತ್ತೇವೆ, ಉಳಿದರ್ಧವನ್ನು ಸರ್ಕಾರ ಅದರದೇ ತಕ್ಕಡಿಯಲ್ಲಿ ತೂಗುತ್ತದೆ. ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಪೇಪರಿನಲ್ಲಿ ಓದಿ ಹೇಳಿದೆ. ಅಂಗಡಿಯ ಚೀಟಿ ನೋಡುತ್ತಿದ್ದ ಟೀಚರಮ್ಮ ತಲೆಯೆತ್ತಲಿಲ್ಲ. "ಹೂಂ ಸಾರ್. ಮೊಟ್ಟೆಗೆ ಅವ್ರು ಕೊಡೋ ರೇಟು ಒಂದು, ಅಂಗ್ಡಿಯವ್ನು ಹೇಳೋ ರೇಟು ಒಂದು. ಮಧ್ಯದ್ದು ನನ್ ಪರ್ಸು" ಎಂದರು.

ನಾಳೆ ಮೊಟ್ಟೆ ದಿನ. ಟ್ರೇ ನನ್ನ ಕೋಣೆಯಲ್ಲಿದೆ. ಸಂಜೆ ಟೀಚರಮ್ಮ ಮೂವತ್ತು ಎಣಿಸಿಟ್ಟು ಹೋಗಿದ್ದಾರೆ. ರಾತ್ರಿ ನಾನೂ ಒಮ್ಮೆ ಎಣಿಸಿದೆ, ಮೂವತ್ತೇ ಇವೆ.