ಸೋಮವಾರದ ಪೈಲ್ವಾನರು

ಕಲಬುರಗಿಯಿಂದ ಅಫಜಲಪುರಕ್ಕೆ ಹೊರಟ ಬಸ್ಸು ಚೌಡಾಪುರದಲ್ಲಿ ನಿಂತರೆ ಅರ್ಧ ಖಾಲಿಯಾಗುತ್ತದೆ. ಇಳಿದವರೆಲ್ಲ ದೇವಲ ಗಾಣಗಾಪುರದ ದತ್ತನ ಭಕ್ತರು. ಇಲ್ಲಿಂದ ಟಂಟಂ ಹಿಡಿದು ಮುಂದೆ ಹೋಗಬೇಕು. ಇಂಥ ಕ್ರಾಸಿನ ಊರಲ್ಲಿ ಗೊಬ್ಬರ-ಬೀಜದ ಅಂಗಡಿ ಇಟ್ಟ ಸಾವಕಾರರೊಬ್ಬರು ಇದ್ದೇ ಇರುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಅದರ ನಾಲ್ಕನೆಯ ಗುಂಡಿಗೆ ಮಾತ್ರ ಸದಾ ಪ್ರಾಣಸಂಕಟ. ಅಂಗಡಿಗೆ ಬಂದ ಗಿರಾಕಿಗೆ ಮೊದಲು ಹೊಟ್ಟೆಯ ದರ್ಶನ, ಆಮೇಲೆ ಸಾವಕಾರರದು.

ಇವರಿಗೆ ವ್ಯಾಯಾಮ ಗೊತ್ತಿಲ್ಲ ಎಂದವರ ನಾಲಿಗೆ ಬಿದ್ದೀತು. ಇವರಷ್ಟು ಸಲ ವ್ಯಾಯಾಮ ಶುರು ಮಾಡಿದವರು ಇಡೀ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಶುರು ಮಾಡುವುದಕ್ಕೆ ಸೋಮವಾರವೇ ಆಗಬೇಕು. ಶ್ರಾವಣದ ಸೋಮವಾರವಾದರೆ ಇನ್ನೂ ಶ್ರೇಷ್ಠ. ಆದರೆ ಅಂದು ಉಪವಾಸ. ಉಪವಾಸವೆಂದರೆ ಶೇಂಗಾಪುಡಿ ಸುರಿದ ಸಾಬೂದಾಣಿ ಎರಡು ತಾಟು, ಮೇಲೆ ಬಾಳೆಹಣ್ಣು, ಹಾಲು. ಹೊಟ್ಟೆ ತುಂಬ ಉಪವಾಸ ಮಾಡಿದವರು ಕಸರತ್ತು ಮಾಡಬಾರದೆಂದು ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಸರಿ, ಇಂಗ್ಲಿಷ್ ಹೊಸ ವರ್ಷಕ್ಕೆ ನೋಡೋಣ ಎಂದರೆ ಅದರ ಆಸುಪಾಸಿಗೇ ಎಳ್ಳ ಅಮಾವಾಸ್ಯೆ. 2024ರಲ್ಲಂತೂ ಅದು ಡಿಸೆಂಬರ್ 30ಕ್ಕೆ, ಅದೂ ಸೋಮವಾರವೇ ಬಂತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಹೊಡೆದವನು ಜನವರಿ ಒಂದಕ್ಕೆ ಹೊಟ್ಟೆ ಕರಗಿಸುವ ಮಾತಾಡಿದರೆ ಭೂಮಿತಾಯಿ ಮೆಚ್ಚುತ್ತಾಳೆಯೇ?

ಸಾಮಾನಿಗೇನೂ ಕೊರತೆಯಿಲ್ಲ. ಟ್ರ್ಯಾಕ್ ಪ್ಯಾಂಟು, ಹೊಳೆಯುವ ಬೂಟು, ಸುರುಳಿ ಸುತ್ತಿದ ನೀಲಿ ಮ್ಯಾಟು ಎಲ್ಲ ಬಂದಿವೆ. ಎರಡೂ ಕಡೆ ಹಿಡಿಕೆಯಿರುವ ಚಕ್ರವೊಂದೂ ಬಂದಿತ್ತು. ಮೊಣಕಾಲೂರಿ ಅದನ್ನು ಮುಂದಕ್ಕೆ ಉರುಳಿಸಿ ಮತ್ತೆ ಹಿಂದಕ್ಕೆ ತರಬೇಕು. ಸಾವಕಾರರು ಮುಂದಕ್ಕೇನೋ ಹೋದರು, ಹಿಂದಕ್ಕೆ ಬರಲು ಇಬ್ಬರು ಬೇಕಾಯಿತು. ಅಂದಿನಿಂದ ಆ ಚಕ್ರ ಮೊಮ್ಮಗನ ಟ್ರ್ಯಾಕ್ಟರು.

ಸುತ್ತಳತೆಯ ಲೆಕ್ಕ ಇನ್ನೂ ಸ್ವಾರಸ್ಯ. ನಮ್ಮ ಗಂಡಸರ ಸೊಂಟ 90 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಭಯ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಟೇಪು ಹಿಡಿಯಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ. ಸಾವಕಾರರು ಹಿಡಿಯುವುದು ಹೊಟ್ಟೆಯ ಕೆಳಗೆ ಪ್ಯಾಂಟು ನಿಲ್ಲುವ ಜಾಗದಲ್ಲಿ, ಉಸಿರನ್ನು ಗಂಟಲಿನ ತನಕ ಎಳೆದುಕೊಂಡು. ಹೀಗಾಗಿ ಮದುವೆಯಾದಾಗ ಇದ್ದ ಅಳತೆ ಇಂದಿಗೂ ಇದೆ. ಪ್ಯಾಂಟು ಮಾತ್ರ ವರ್ಷ ವರ್ಷ ಕೆಳಗಿಳಿಯುತ್ತಿದೆ.

ಕಲಬುರಗಿಯಲ್ಲಿ ಫಿಜಿಯೋಥೆರಪಿ ಓದುವ ತಂಗಿಯ ಮಗಳು ರಜೆಗೆ ಬಂದಾಗ ಪಾಠ ಸುರುವಾಯಿತು. ಕೆನಡಾದ ಪ್ರೊಫೆಸರ್ ಸ್ಟುವರ್ಟ್ ಮೆಕ್‌ಗಿಲ್ ಹೇಳಿದ ವಿಧಾನ. ಅಂಗಾತ ಮಲಗಿ ಒಂದು ಕಾಲು ಮಡಚಿ, ಒಂದು ಚಾಚಿ, ಅಂಗೈಗಳನ್ನು ನಡುವಿನ ಕೆಳಗಿಟ್ಟು, ತಲೆ-ಭುಜ ನೆಲದಿಂದ ಚೂರೇ ಎತ್ತಿ ಏಳೆಂಟು ಸೆಕೆಂಡು ಹಿಡಿಯುವುದು, ಉಸಿರು ಕಟ್ಟದೆ. ಬೆನ್ನಿಗೆ ಭಾರ ಬೀಳದೆ ಹೊಟ್ಟೆಯ ಸ್ನಾಯು ಬಲಿಯಲೆಂದು ಹೀಗೆ. ಸಾವಕಾರರು ಎರಡೂ ಕೈಯಿಂದ ಕುತ್ತಿಗೆ ಹಿಡಿದು ಬಾವಿಯಿಂದ ಕೊಡ ಸೇದಿದಂತೆ ಜಗ್ಗತೊಡಗಿದರು.

"ಮಾಮಾ, ಕುತ್ತಗಿ ಬಿಡ್ರಿ. ಹೊಟ್ಟಿ ಕೆಲಸ ಹೊಟ್ಟಿ ಮಾಡ್ಲಿ."

"ಅದಕ್ಕ ಉಣ್ಣೂದೊಂದೇ ಕೆಲಸ ಗೊತ್ತದ ಬೇಟಾ."

ಹೊಟ್ಟೆಯ ಕಸರತ್ತು ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ, ಒಳಗಿನ ಸ್ನಾಯು ಗಟ್ಟಿಯಾಗುತ್ತದೆ ಅಷ್ಟೆ, ಕೊಬ್ಬಿಗೆ ನಡಿಗೆಯೂ ಬೇಕು, ಊಟದ ಮೇಲೆ ಹಿಡಿತವೂ ಬೇಕು ಎಂದು ಅವಳು ಹೇಳಿದಾಗ ಸಾವಕಾರರು ಮೋಸಹೋದ ಗಿರಾಕಿಯ ಮುಖ ಮಾಡಿದರು. ಮುಂದಿನ ಮಾತಂತೂ ಸಹಿಸಲಾರದ್ದು. "ಅಲ್ಲಿ ಹಮಾಲ ಕಾಕಾನ ನೋಡ್ರಿ. ಚೀಲ ಎತ್ತೂ ಮುಂಚೆ ಹೊಟ್ಟಿ ಹೆಂಗ ಬಿಗಿ ಹಿಡಿತಾನ. ಅದೇ ನಿಮಗ ಬೇಕಾಗಿದ್ದು." ಯೂರಿಯಾ ಚೀಲ 2018ರಿಂದ ಐದು ಕಿಲೋ ಇಳಿದು 45ಕ್ಕೆ ಬಂದಿದೆ, ಡಿಎಪಿ ಇನ್ನೂ 50. ಎರಡನ್ನೂ 'ಹ್ಞಾ' ಎಂಬ ಒಂದೇ ಉಸಿರಿಗೆ ಹೆಗಲಿಗೇರಿಸುವ ಆ ಕಾಕಾನ ಹತ್ತಿರ ಮ್ಯಾಟಿಲ್ಲ, ಬೂಟಿಲ್ಲ, ಹೊಟ್ಟೆಯಂತೂ ಇಲ್ಲವೇ ಇಲ್ಲ. ತಮ್ಮಲ್ಲಿ ಪಗಾರ ತಗೊಳ್ಳುವವನ ಹತ್ತಿರ ತಮಗಿಲ್ಲದ್ದೊಂದು ಇದೆಯೆಂಬುದು ಸಾವಕಾರರಿಗೆ ಅಂದೇ ತಿಳಿದದ್ದು.

ಎಣಿಸುವ ಕೆಲಸ ಅವನಿಗೇ ಬಿತ್ತು. ಅವನು ಜೋಳ-ತೊಗರಿ ಅಳೆದು ಪಳಗಿದವನು, ಒಂದು ಎನ್ನುವುದಿಲ್ಲ. "ಲಾಭ... ಎರಡ... ಮೂರ..." ಸಾವಕಾರರು ಮೂರನೆಯ ಸಲ ತಲೆ ಎತ್ತುವುದಕ್ಕೂ ಗಿರಾಕಿ ಬರುವುದಕ್ಕೂ ಸರಿಹೋಗುತ್ತಿತ್ತು. ಗಿರಾಕಿಯ ಚೀಲ ಹೊರಗಿಟ್ಟು ಬಂದವನು ಲೆಕ್ಕ ಮರೆತು ಮತ್ತೆ "ಲಾಭ" ಎಂದೇ ಹಿಡಿಯುತ್ತಿದ್ದ. ಲಾಭ ಬೇಡ ಎನ್ನಲು ಯಾವ ವ್ಯಾಪಾರಿಗೆ ಬಾಯಿ ಬಂದೀತು? ಪಾಪ, ಲಾಭದಲ್ಲೇ ಬೆವತುಹೋದರು.

ಪ್ಲ್ಯಾಂಕ್ ಎಂಬುದನ್ನೂ ನೋಡಿದರು. ಮೊಳಕೈ ಮತ್ತು ಕಾಲ್ಬೆರಳು ಮಾತ್ರ ನೆಲಕ್ಕೆ ತಾಗಬೇಕು, ಉಳಿದ ಮೈ ನೆಟ್ಟಗೆ ಮೇಲಿರಬೇಕು. ಹೊಸಬರು ಮೊಣಕಾಲೂರಿಕೊಂಡು ಹತ್ತು ಸೆಕೆಂಡು ನಿಂತರೂ ಸಾಕೆಂದು ಹುಡುಗಿ ರಿಯಾಯಿತಿ ಕೊಟ್ಟಳು. ಯಾರೋ ಇದರಲ್ಲಿ ಒಂಬತ್ತೂವರೆ ತಾಸು ನಿಂತು ಗಿನ್ನೆಸ್ ದಾಖಲೆ ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿದ ಸಾವಕಾರರಿಗೆ ಒಂದೇ ಸಂಶಯ: "ಅಷ್ಟೊತ್ತು ಅಂಗಡಿ ಯಾರು ನೋಡ್ಕೊಂಡ್ರು?"

ಕೊನೆಗೆ ಅವರಿಗೆ ಒಗ್ಗಿದ್ದು ಮಲಗಿಯೇ ಮಾಡುವ ಇನ್ನೊಂದು. ಬೆನ್ನು ನೆಲಕ್ಕೊತ್ತಿ, ಕೈಕಾಲು ನಾಲ್ಕನ್ನೂ ಆಕಾಶಕ್ಕೆತ್ತಿ, ಬಲಗೈಯನ್ನೂ ಎಡಗಾಲನ್ನೂ ಒಟ್ಟಿಗೆ ನಿಧಾನವಾಗಿ ಇಳಿಸಿ ಎತ್ತುವುದು, ಆಮೇಲೆ ಎಡಗೈ, ಬಲಗಾಲು. ಹುಣ್ಣಿಮೆ ಬಿದ್ದ ಒಂದು ಸೋಮವಾರ ಮುಂಜಾನೆ, ಗೊಬ್ಬರದ ಚೀಲಗಳ ನಡುವೆ ಸಾವಕಾರರು ಹೀಗೆ ಕಣ್ಣು ಮುಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಬುಸುಗುಟ್ಟುತ್ತ ಕೈಕಾಲು ಆಡಿಸುತ್ತಿದ್ದಾಗ, ಗಾಣಗಾಪುರದ ಟಂಟಂ ಎಲ್ಲಿ ನಿಲ್ಲುತ್ತದೆಂದು ಕೇಳಲು ಮುದುಕಿಯೊಬ್ಬಳು ಒಳಗೆ ಇಣುಕಿದಳು. ದೆವ್ವ ಹಿಡಿದವರನ್ನು ಬಿಡಿಸಲು ದೂರದೂರದಿಂದ ಗಾಣಗಾಪುರಕ್ಕೆ ಕರೆತರುತ್ತಾರೆ. ಅಂಥವರನ್ನು ಆಕೆ ಬೇಕಾದಷ್ಟು ಕಂಡವಳು. ಸೆರಗು ಬಾಯಿಗೆ ಹಿಡಿದು ಹಮಾಲ ಕಾಕಾನ ಕಡೆ ತಿರುಗಿದಳು.

"ಅಯ್ಯ ಯಪ್ಪಾ, ಇವ್ರಿಗಿ ಇಲ್ಲೇ ಯಾಕ ಮಲಗಿಸೀರಿ? ನಡೀರಿ, ನನ್ನ ಜೋಡಿ ಕಳಸ್ರಿ. ಐದು ಹುಣ್ಣಿಮಿ ನಡಕೊಂಡ್ರ ಬಿಡ್ತದ."

"ಅಷ್ಟೇನು ಬ್ಯಾಡ ತಾಯಿ," ಎಂದ ಕಾಕಾ, ಚೀಲ ಹೆಗಲಿಗೇರಿಸುತ್ತ. "ಇದು ಸೋಮವಾರಕ್ಕೊಮ್ಮಿ ಬರ್ತದ. ಮಂಗಳವಾರ ತಾನೇ ಬಿಟ್ಟು ಹೋಗ್ತದ."